ದೆವ್ವದ ಕಥೆಗೆ ಕಾಲೇಜು ಯಾಕೆ, ಪ್ರೇಮ ಯಾಕೆ?

ಮನೆಗೆ ಬಂದವರು ಪುಸ್ತಕದ ಕಪಾಟಿನ ಮುಂದೆ ನಿಂತು ಕೇಳುವ ಪ್ರಶ್ನೆ ಒಂದೇ: "ಇಷ್ಟೊಂದು ಮಾಟಗಾತಿಯರ ಕಾದಂಬರಿ ಓದುತ್ತೀರಲ್ಲ, ಅದರಲ್ಲಿ ನಿಮಗೆ ಏನು ಸಿಗುತ್ತದೆ?" ಡಾರ್ಕ್ ಅಕಾಡೆಮಿಯಾ ಎಂದು ಕರೆಯುವ ಈ ಬಗೆಯ ಕಥೆಗಳು ಹಳೆಯ ವಿಶ್ವವಿದ್ಯಾಲಯಗಳಲ್ಲಿ ನಡೆಯುತ್ತವೆ. ಕಲ್ಲಿನ ಕಟ್ಟಡ, ಗುಪ್ತ ಸಂಘ, ತೆರೆಯಬಾರದ ಪುಸ್ತಕ, ಒಂದೆರಡು ಹೆಣ, ನಡುವೆ ಒಂದು ಪ್ರೇಮ.

ನನ್ನ ಉತ್ತರ ಮಹಾಭಾರತದ, ದೇವತೆಗಳ ಕಡೆಯ ಕಚನಿಂದ ಶುರುವಾಗುತ್ತದೆ. ಮೃತಸಂಜೀವಿನಿ ವಿದ್ಯೆ ಕಲಿಯಲೆಂದು ಅವನು ಎದುರು ಪಕ್ಷದ ಗುರು ಶುಕ್ರಾಚಾರ್ಯರ ಆಶ್ರಮ ಸೇರುತ್ತಾನೆ. ಗುರುವಿನ ಮಗಳು ದೇವಯಾನಿ ಅವನಿಗೆ ಮನಸ್ಸು ಕೊಡುತ್ತಾಳೆ. ಅಸುರರು ಅವನನ್ನು ಕೊಂದು, ಸುಟ್ಟು, ಬೂದಿಯನ್ನು ಮದ್ಯದಲ್ಲಿ ಕಲಸಿ ಗುರುವಿಗೇ ಕುಡಿಸುತ್ತಾರೆ. ಹೊಟ್ಟೆಯೊಳಗಿನ ಶಿಷ್ಯನಿಗೆ ಗುರು ಮಂತ್ರ ಹೇಳಿಕೊಡುತ್ತಾರೆ. ಅವನು ಹೊಟ್ಟೆ ಸೀಳಿ ಹೊರಬಂದು, ಸತ್ತ ಗುರುವನ್ನು ಅದೇ ಮಂತ್ರದಿಂದ ಬದುಕಿಸುತ್ತಾನೆ. ಅಜ್ಜಿ ಈ ಕಥೆ ಹೇಳಿದ ರಾತ್ರಿ ನಾನು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಮಲಗಿದ್ದೆ. ವಿದ್ಯೆ ಪುಕ್ಕಟೆ ಸಿಗುವುದಿಲ್ಲ, ಯಾರದೋ ಮೈ ಅದಕ್ಕೆ ಬೆಲೆ ತೆರುತ್ತದೆ ಎಂಬ ಭಯ ಅಂದೇ ಒಳಗೆ ಕೂತಿತು.

ಲೀ ಬಾರ್ಡುಗೋ ಅವರ 'ನೈನ್ತ್ ಹೌಸ್' (2019) ಓದಿದಾಗ ಆ ಭಯ ಮತ್ತೆ ಎದ್ದಿತು. ಅದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಕಥೆ. ಅಲ್ಲಿ ಸ್ಕಲ್ ಅಂಡ್ ಬೋನ್ಸ್ ಎಂಬ ಸಂಘ ನಿಜವಾಗಿಯೂ ಇದೆ, 1832ರಲ್ಲಿ ಹುಟ್ಟಿದ್ದು. ಅದರ ಕಟ್ಟಡವನ್ನು ಗೋರಿ ಎಂದೇ ಕರೆಯುತ್ತಾರೆ. ಕಾದಂಬರಿಯಲ್ಲಿ ಆ ಸಂಘದವರು ಜೀವಂತ ಮನುಷ್ಯನ ಹೊಟ್ಟೆ ತೆರೆದು, ಕರುಳು ನೋಡಿ, ಷೇರುಪೇಟೆಯ ಭವಿಷ್ಯ ತಿಳಿಯುತ್ತಾರೆ. ಇಂಥ ವಿಧಿಗಳ ಕಾವಲಿಗೆ ನಿಂತ ವಿದ್ಯಾರ್ಥಿನಿ ಆಲೆಕ್ಸ್‌ಗೆ ಪ್ರೇತಗಳು ಕಾಣುತ್ತವೆ. ಅವಳಿಗೆ ಅಲ್ಲಿ ಓದುವ ಅವಕಾಶ ಸಿಕ್ಕಿದ್ದೇ ಆ ಕಾರಣಕ್ಕೆ.

ಇನ್ನು ಮಾಟಗಾತಿ. ಕಲಿಯಬೇಡ ಎಂದರೂ ಕಲಿತವಳನ್ನು ಊರು ಆ ಹೆಸರಿನಿಂದ ಕರೆಯಿತು ಎಂದೇ ನಾನು ಓದಿಕೊಳ್ಳುತ್ತೇನೆ. ಆಕ್ಸ್‌ಫರ್ಡ್ ಹೆಂಗಸರಿಗೆ ಪದವಿ ಕೊಡತೊಡಗಿದ್ದು 1920ರಲ್ಲಿ; ಯೇಲ್ ಪದವಿ ತರಗತಿಗೆ ಹುಡುಗಿಯರು ಕಾಲಿಟ್ಟದ್ದು 1969ರಲ್ಲಿ. ಇತಿಹಾಸದ ಪ್ರಾಧ್ಯಾಪಕಿ ಡೆಬೊರಾ ಹಾರ್ಕ್‌ನೆಸ್ ಅವರ 'ಎ ಡಿಸ್ಕವರಿ ಆಫ್ ವಿಚಸ್' ಇದೇ ಹೊಸ್ತಿಲ ಮೇಲೆ ನಿಂತ ಕಥೆ. ಅದರ ಡಯಾನಾ, 1692ರಲ್ಲಿ ಅಮೆರಿಕದ ಸೇಲಂನಲ್ಲಿ ಮಾಟಗಾತಿಯೆಂದು ಗಲ್ಲಿಗೇರಿದ ಬ್ರಿಜೆಟ್ ಬಿಷಪ್‌ಳ ವಂಶದವಳು. ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿ ಅವಳು ಆಶ್ಮೋಲ್ 782 ಎಂಬ ಹಸ್ತಪ್ರತಿ ತರಿಸಿಕೊಳ್ಳುತ್ತಾಳೆ. ಆ ಸಂಖ್ಯೆಯ ಹಸ್ತಪ್ರತಿ ಬಾಡ್ಲಿಯನ್‌ನಲ್ಲಿ ನಿಜಕ್ಕೂ ಇತ್ತು, ಈಗ ಕಾಣೆಯಾಗಿದೆ. ಕಥೆಯೊಳಗೆ ಅದು ಅವಳ ಕೈಗೆ ಬರುತ್ತದೆ. ಹಾಳೆಯ ಮೇಲೆ ಅಕ್ಷರಗಳು ಹರಿದಾಡುವುದನ್ನು ನೋಡಿ, ಮುಚ್ಚಿ, ವಾಪಸು ಕೊಟ್ಟುಬಿಡುತ್ತಾಳೆ! ತನಗಿರುವ ಶಕ್ತಿಗೆ ತಾನೇ ಹೆದರಿದ ಹೆಣ್ಣಿನ ಆ ಒಂದು ಪುಟವನ್ನು ನಾನು ಎಷ್ಟು ಸಲ ಓದಿದ್ದೇನೋ.

ಹಲವು ಕಾದಂಬರಿಗಳಲ್ಲಿ ಪ್ರೇಮ ಬಂದೊಡನೆ ಭಯ ಮೆತ್ತಗಾಗುತ್ತದೆ. ಅಂಥವು ನನಗೆ ರುಚಿಸುವುದಿಲ್ಲ. 'ನೈನ್ತ್ ಹೌಸ್'ನ ಮುಂದಿನ ಭಾಗದಲ್ಲಿ ಆಲೆಕ್ಸ್ ತನಗೆ ದಾರಿ ತೋರಿದ ಡಾರ್ಲಿಂಗ್ಟನ್‌ನನ್ನು ಕರೆತರಲು ನರಕಕ್ಕೇ ಇಳಿಯುತ್ತಾಳೆ. ಪ್ರೇಮದಿಂದ ಭಯ ಹೆಚ್ಚಬೇಕು, ಹಾಗೆ.

ವಿದ್ಯೆ ಕೈಸೇರಿದ ಮೇಲೆ ಕಚ ಹೊರಟು ನಿಲ್ಲುತ್ತಾನೆ. ನಿನ್ನ ತಂದೆಯ ಹೊಟ್ಟೆಯಿಂದ ಬಂದವನು ನಾನು, ನೀನು ನನಗೆ ತಂಗಿ ಎನ್ನುತ್ತಾನೆ. ಕಲಿತದ್ದು ನಿನಗೆ ಫಲಿಸದಿರಲಿ ಎಂದು ದೇವಯಾನಿ ಶಪಿಸುತ್ತಾಳೆ. ಅಜ್ಜಿ ಅಲ್ಲಿಗೆ ಕಥೆ ನಿಲ್ಲಿಸಿ ದೀಪ ಆರಿಸುತ್ತಿದ್ದಳು. ಆ ಕತ್ತಲಲ್ಲಿ ಒಬ್ಬಳೇ ನಿಂತ ದೇವಯಾನಿಯನ್ನೇ ನಾನು ಈ ಪುಸ್ತಕಗಳಲ್ಲಿ ಹುಡುಕುತ್ತೇನೆ.