ಖಾಸಗಿ ಬಾಹ್ಯಾಕಾಶ ನಿಲ್ದಾಣ ಇನ್ನೂ ಯಾಕೆ ಬಂದಿಲ್ಲ?

"ಖಾಸಗಿ ಬಾಹ್ಯಾಕಾಶ ನಿಲ್ದಾಣ ಬರುತ್ತದೆ ಅಂತ ಇಪ್ಪತ್ತು ವರ್ಷದಿಂದ ಕೇಳ್ತಾ ಇದ್ದೇವೆ. ಒಂದೂ ಯಾಕೆ ಬಂದಿಲ್ಲ?" ನಾನು ಈ ವಿಷಯ ಓದುತ್ತೇನೆ, ಬರೆಯುತ್ತೇನೆ ಎಂದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು. ನನ್ನ ಉತ್ತರ ಚಿಕ್ಕದು. ಮನೆ ಕಟ್ಟುವವರು ಇದ್ದರು, ಅಲ್ಲಿಗೆ ಹೋಗಲು ಗಾಡಿ ಇರಲಿಲ್ಲ.

ಇದಕ್ಕೆ ನಾನು ಯಾವಾಗಲೂ ಬಿಗೆಲೋ ಏರೋಸ್ಪೇಸ್ ಕಥೆ ಹೇಳುತ್ತೇನೆ. ಹೋಟೆಲ್ ಉದ್ಯಮದಲ್ಲಿ ದುಡ್ಡು ಮಾಡಿದ ರಾಬರ್ಟ್ ಬಿಗೆಲೋ 1999ರಲ್ಲಿ ಶುರು ಮಾಡಿದ ಅಮೆರಿಕದ ಕಂಪನಿ ಅದು. ಗಟ್ಟಿ ಬಟ್ಟೆಯ ಗೋಡೆಗಳನ್ನು ಮಡಚಿ ರಾಕೆಟ್ಟಿನಲ್ಲಿ ಕಳಿಸಿ, ಮೇಲೆ ಹೋದ ಮೇಲೆ ಗಾಳಿ ತುಂಬಿ ಕೋಣೆ ಮಾಡುವುದು ಅವರ ಉಪಾಯ. ನಾಸಾ ಕೈಬಿಟ್ಟಿದ್ದ ಯೋಜನೆಯೊಂದರಿಂದ ಬಂದ ತಂತ್ರಜ್ಞಾನ. 2006 ಮತ್ತು 2007ರಲ್ಲಿ ಎರಡು ಮಾದರಿಗಳನ್ನು ಹಾರಿಸಿ, ಇದು ಕೆಲಸ ಮಾಡುತ್ತದೆ ಎಂದು ತೋರಿಸಿದರು. 2016ರಲ್ಲಿ 'ಬೀಮ್' ಎಂಬ ಕೋಣೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಸೇರಿತು. ಮೊದಲ ದಿನ ಅದು ಸರಿಯಾಗಿ ಉಬ್ಬಲೇ ಇಲ್ಲ. ಎರಡು ದಿನ ಬಿಟ್ಟು, ಏಳು ಗಂಟೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಟ್ಟು ಅರಳಿಸಿದರು. ಎರಡು ವರ್ಷ ಪರೀಕ್ಷೆ ಮಾಡೋಣ ಎಂದು ಕಳಿಸಿದ್ದು, ಎಷ್ಟು ಚೆನ್ನಾಗಿ ಬಾಳಿಕೆ ಬಂತೆಂದರೆ ಆಮೇಲೆ ಅದನ್ನೇ ಉಗ್ರಾಣ ಮಾಡಿಕೊಂಡರು.

ಆದರೆ ಇಂಥ ಕೋಣೆಗಳಿಂದ ನಿಲ್ದಾಣ ಮಾಡಿದರೂ, ಬಾಡಿಗೆಗೆ ಬರುವವರನ್ನು ಅಲ್ಲಿಗೆ ಕರೆದೊಯ್ಯುವುದು ಯಾರು? 2011ರಲ್ಲಿ ನಾಸಾದ ಷಟಲ್ ನೌಕೆಗಳ ಹಾರಾಟ ನಿಂತ ಮೇಲೆ ನಿಲ್ದಾಣಕ್ಕೆ ಜನರನ್ನು ಒಯ್ಯಲು ಉಳಿದದ್ದು ರಷ್ಯಾದ ಸೋಯುಜ್ ಒಂದೇ. ಅದರಲ್ಲಿ ಮೂರೇ ಸೀಟು. ಬಿಗೆಲೋ ಕಾದರು. 2020ರ ಮಾರ್ಚ್‌ನಲ್ಲಿ, ಕೋವಿಡ್ ಶುರುವಾದಾಗ, ಕೆಲಸಗಾರರನ್ನೆಲ್ಲ ಮನೆಗೆ ಕಳಿಸಿದರು. ಅದೇ ವರ್ಷ ಮೇ 30ರಂದು ಖಾಸಗಿ ಕಂಪನಿ ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್ ನೌಕೆ ಮೊದಲ ಬಾರಿ ಜನರನ್ನು ಹೊತ್ತು ಹಾರಿತು. ಬರೀ ಎರಡು ತಿಂಗಳ ಅಂತರ! ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಜನರನ್ನು ಕರೆದೊಯ್ಯುವುದಷ್ಟೇ ಅಲ್ಲ, ನಿಲ್ದಾಣ ಎಷ್ಟು ದೊಡ್ಡದಿರಬೇಕು ಎಂದು ತೀರ್ಮಾನಿಸುವುದೂ ರಾಕೆಟ್ಟೇ. ಇದು ಜಾಸ್ತಿ ಜನರಿಗೆ ಹೊಳೆಯುವುದಿಲ್ಲ. 1973ರಲ್ಲಿ ಅಮೆರಿಕದ ಸ್ಕೈಲ್ಯಾಬ್ ನಿಲ್ದಾಣ ಒಂದೇ ಹಾರಾಟದಲ್ಲಿ ಮೇಲೆ ಹೋಯಿತು. ಅದರ ಅಗಲ 6.6 ಮೀಟರ್. ಯಾಕೆಂದರೆ ಹೊತ್ತದ್ದು ಚಂದ್ರಯಾತ್ರೆಯ ದೈತ್ಯ ರಾಕೆಟ್ ಸ್ಯಾಟರ್ನ್ 5, ಅದೇ ಆ ರಾಕೆಟ್ಟಿನ ಕೊನೆಯ ಹಾರಾಟ. ಆಮೇಲೆ ಬಂದ ಷಟಲ್‌ನ ಸರಕು ಜಾಗದ ಅಗಲ 4.6 ಮೀಟರ್. ಹಾಗಾಗಿ ಅದರಲ್ಲಿ ಹೋದ ಕೋಣೆಗಳೆಲ್ಲ ಅದಕ್ಕಿಂತ ಸಣ್ಣವೇ. ಈಗಿನ ಅಂತರರಾಷ್ಟ್ರೀಯ ನಿಲ್ದಾಣ ಸುಮಾರು 420 ಟನ್ ತೂಗುತ್ತದೆ. ಅದನ್ನು ತುಂಡು ತುಂಡಾಗಿ ಒಯ್ದು ಜೋಡಿಸಲು ನಲವತ್ತಕ್ಕೂ ಹೆಚ್ಚು ಹಾರಾಟ ಬೇಕಾದವು.

ಈಗಿನ ಖಾಸಗಿ ನಕ್ಷೆಗಳಲ್ಲೂ ಇದೇ ಲೆಕ್ಕ ಕಾಣುತ್ತದೆ. ವಾಸ್ಟ್ ಕಂಪನಿಯ ಹೇವನ್-1 ನಿಲ್ದಾಣ ಸ್ಪೇಸ್‌ಎಕ್ಸ್‌ನ ಒಂದೇ ಫಾಲ್ಕನ್ 9 ರಾಕೆಟ್ಟಿನ ತಲೆಯೊಳಗೆ, ಅಂದರೆ ಸರಕು ಇಡುವ ತುದಿಯೊಳಗೆ, ಹಿಡಿಸಬೇಕು. ಅದಕ್ಕೇ ಅಗಲ 4.4 ಮೀಟರ್. ನಾಲ್ವರು ಎರಡು ವಾರ ಇದ್ದು ಬರುವಷ್ಟು ಜಾಗ. ಸ್ಟಾರ್‌ಲ್ಯಾಬ್ ತಂಡ ಆರಿಸಿಕೊಂಡದ್ದು ಸ್ಪೇಸ್‌ಎಕ್ಸ್‌ನ 9 ಮೀಟರ್ ಅಗಲದ ರಾಕೆಟ್ ಸ್ಟಾರ್‌ಶಿಪ್, ಹಾಗಾಗಿ ಒಂದೇ ಸಲಕ್ಕೆ ಇಡೀ ನಿಲ್ದಾಣ ಕಳಿಸುವ ಯೋಚನೆ. ಅಂದರೆ ಸ್ಟಾರ್‌ಶಿಪ್ ತಡವಾದರೆ ಸ್ಟಾರ್‌ಲ್ಯಾಬ್ ಕೂಡ ತಡ. ಆಕ್ಸಿಯಮ್ ಕಂಪನಿಯದು ಕೋಣೆಗಳನ್ನು ಒಂದೊಂದಾಗಿ ಜೋಡಿಸುವ ಯೋಜನೆ. ಬ್ಲೂ ಒರಿಜಿನ್‌ನ ಆರ್ಬಿಟಲ್ ರೀಫ್ ಕೂಡ ಇದೆ. ಅದನ್ನು ಹೊರಬೇಕಾದ 7 ಮೀಟರ್ ತಲೆಯ ನ್ಯೂ ಗ್ಲೆನ್ ರಾಕೆಟ್ ಮೊದಲು ಹಾರಿದ್ದೇ 2025ರ ಜನವರಿಯಲ್ಲಿ.

ಹಾಗಾದರೆ ಈಗ ದಾರಿ ಸಲೀಸಾಯಿತು, ಅಲ್ವಾ? ಅರ್ಧ ಮಾತ್ರ. ಫಾಲ್ಕನ್ 9ರ ಕೆಳಭಾಗ 2015ರಲ್ಲಿ ನೆಲಕ್ಕೆ ವಾಪಸ್ ಇಳಿಯಿತು, 2017ರಿಂದ ಮತ್ತೆ ಮತ್ತೆ ಹಾರುತ್ತಿದೆ. ಷಟಲ್ ಕಾಲಕ್ಕೆ ಹೋಲಿಸಿದರೆ ಸರಕು ಒಯ್ಯುವ ಖರ್ಚು ಹತ್ತನೇ ಒಂದು ಪಾಲಿಗಿಂತ ಕೆಳಗೆ ಬಂದಿದೆ. ಆದರೆ ಬಾಡಿಗೆ ಕೊಡುವವರು ಯಾರು? ಈಗಿನ ನಿಲ್ದಾಣಕ್ಕೆ ಆಕ್ಸಿಯಮ್ ನಡೆಸಿದ 2025ರ ನಾಲ್ಕನೇ ಯಾತ್ರೆಯನ್ನೇ ನೋಡಿ. ಕಮಾಂಡರ್ ಕಂಪನಿಯವರು. ಉಳಿದ ಮೂವರನ್ನು ಕಳಿಸಿದ್ದು ಭಾರತ, ಪೋಲೆಂಡ್, ಹಂಗೇರಿ. ಶುಭಾಂಶು ಶುಕ್ಲಾ ಹೋದದ್ದು ಅದರಲ್ಲೇ. ಪ್ರವಾಸಿಗಳು, ಔಷಧಿ ಕಂಪನಿಗಳು ಎಂದು ಎಷ್ಟೇ ಹೇಳಿದರೂ ಸದ್ಯಕ್ಕೆ ನಂಬಬಹುದಾದ ಗಿರಾಕಿ ಸರ್ಕಾರಗಳೇ. ಇದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ಈಗಿನ ನಿಲ್ದಾಣಕ್ಕೆ ನಾಸಾ ವರ್ಷಕ್ಕೆ ಸುಮಾರು 300 ಕೋಟಿ ಡಾಲರ್ ಖರ್ಚು ಮಾಡುತ್ತದೆ. ಅದರ ಒಂದು ಭಾಗ ಬಾಡಿಗೆಯಾಗಿ ಬಂದರೂ ಹೊಸಬರು ಬದುಕಬಹುದು.

"ಸರಿ, ಯಾವಾಗ?" ಎಂದು ಮತ್ತೆ ಕೇಳುತ್ತಾರೆ. ಚಿಕ್ಕದೊಂದು ಬೇಗ ಬರುತ್ತದೆ ಎಂದು ನನಗೆ ಭರವಸೆ ಇದೆ. ದೊಡ್ಡವುಗಳ ಬಗ್ಗೆ ಅಷ್ಟು ಧೈರ್ಯ ಇಲ್ಲ. ಈಗಿನ ನಿಲ್ದಾಣವನ್ನು ಶಾಂತಸಾಗರಕ್ಕೆ ಇಳಿಸುವ ನೌಕೆ ತಯಾರಿಸಲು ನಾಸಾ 2024ರಲ್ಲೇ ಸ್ಪೇಸ್‌ಎಕ್ಸ್‌ಗೆ ಕೆಲಸ ಒಪ್ಪಿಸಿದೆ. ಚೀನಾದ ನಿಲ್ದಾಣ ತಿಯಾಂಗಾಂಗ್ ಇರುತ್ತದೆ, ನಿಜ. ಆದರೆ 2000ದ ನವೆಂಬರ್ 2ರಿಂದ ಒಂದು ದಿನವೂ ಖಾಲಿ ಬೀಳದ ಈ ಮನೆಯ ದೀಪ ಆರುವ ಮೊದಲು ಹೊಸ ಮನೆ ಸಿದ್ಧವಾಗಿರಬೇಕು. ಷಟಲ್ ನಿಂತು ಡ್ರ್ಯಾಗನ್ ಹಾರುವವರೆಗಿನ ಒಂಬತ್ತು ವರ್ಷದಲ್ಲಿ ಒಂದು ಒಳ್ಳೆಯ ಕಂಪನಿ ಕಾದು ಕಾದು ಸೋತುಹೋಯಿತು. ಅಂಥದ್ದೇ ಇನ್ನೊಂದು ಅಂತರ ಬೀಳಬಹುದು ಎಂಬ ಭಯ ನನಗಿದೆ.