ಹಳೇ ಗೋವಾದ ಬೋಮ್ ಜೀಸಸ್ ಚರ್ಚ್: ಪೆಟ್ಟಿಗೆ ನೋಡಿ ಹೊರಟುಬಿಡಬೇಡಿ

ಪಣಜಿ ಬಸ್ ನಿಲ್ದಾಣದಲ್ಲಿ ಇಳಿದ ಕೂಡಲೇ ಸಿಕ್ಕ ಟ್ಯಾಕ್ಸಿಯವನು, ಹಳೇ ಗೋವಾಕ್ಕೆ ಮಧ್ಯಾಹ್ನದವರೆಗೆ ಬಸ್ಸೇ ಇಲ್ಲ ಎಂದ. ನಂಬಿ 700 ರೂಪಾಯಿ ಕೊಟ್ಟೆವು. ಇರುವುದು ಸುಮಾರು 10 ಕಿ.ಮೀ., ದಾರಿಯುದ್ದಕ್ಕೂ ಬಸ್ಸುಗಳು! ವಾಪಸು ಬರುವಾಗ ಇಬ್ಬರಿಗೂ ಸೇರಿ 40 ರೂಪಾಯಿ. ದಯವಿಟ್ಟು ನಿಲ್ದಾಣದ ಒಳಗೇ ಹೋಗಿ ಕಂಡಕ್ಟರರನ್ನು ಕೇಳಿ.

ನಾವು ಹೋಗಿದ್ದು ಭಾನುವಾರ, ಅದೂ ತಪ್ಪೇ. ಬಲಿಪೂಜೆ (ಚರ್ಚಿನ ಸಾಮೂಹಿಕ ಪ್ರಾರ್ಥನೆ) ಮುಗಿಯುವವರೆಗೆ ಹೊರಗೆ ಕಾದೆವು. ಆಮೇಲೆ ಜನ ಒಮ್ಮೆಗೇ ನುಗ್ಗಿದರು. ನನಗೆ ನೂಕುನುಗ್ಗಲು ಆಗದು. ವಾರದ ದಿನ ಬೆಳಿಗ್ಗೆಯೇ ಹೋಗಿ.

ಎಲ್ಲರೂ ಓಡುವುದು ಬಲಗಡೆಗೆ, ಕ್ರೈಸ್ತ ಧರ್ಮಪ್ರಚಾರಕ ಸಂತ ಫ್ರಾನ್ಸಿಸ್ ಝೇವಿಯರ್ ಅವರ ದೇಹವಿರುವ ಬೆಳ್ಳಿ ಪೆಟ್ಟಿಗೆಯತ್ತ. ಅದು ಎತ್ತರದಲ್ಲಿದೆ, ಕೆಳಗಿನಿಂದ ಹೆಚ್ಚೇನೂ ಕಾಣದು. ಅದರಡಿಯ ಅಮೃತಶಿಲೆಯ ಪೀಠ ನೋಡಿ. ಇಟಲಿಯ ಫ್ಲಾರೆನ್ಸಿನ ಶಿಲ್ಪಿ ಫೊಜಿನಿ ಮಾಡಿದ್ದು, 1698ರಲ್ಲಿ ಇಲ್ಲಿ ಕೂರಿಸಿದ್ದು.

ನಾನು ಬೆರಗಾಗಿದ್ದು ಮುಖ್ಯ ಬಲಿಪೀಠದ ಮುಂದೆ. ಉಳಿದ ಒಳಾಂಗಣ ಸಾದಾ, ಹಾಗಾಗಿ ಚಿನ್ನದ ಲೇಪವೆಲ್ಲ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ. ಕೆಳಗೆ ಪುಟ್ಟ ಬಾಲಯೇಸು. ಮೇಲೆ ಯೇಸುಸಭೆ ಎಂಬ ಪಾದ್ರಿಗಳ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೋಲಾ, ಆಳೆತ್ತರಕ್ಕೂ ಮಿಗಿಲು. ಅವರ ನೋಟ ನಮ್ಮತ್ತ ಇಲ್ಲ, ತಲೆಯ ಮೇಲಿನ ಸೂರ್ಯಬಿಂಬದತ್ತ. ಅದರಲ್ಲಿ ಐಎಚ್‌ಎಸ್, ಗ್ರೀಕ್‌ನಲ್ಲಿ ಯೇಸುವಿನ ಹೆಸರಿನ ಮೊದಲ ಮೂರು ಅಕ್ಷರ. ಅದಕ್ಕೂ ಮೇಲೆ ತಂದೆ, ಮಗ, ಪವಿತ್ರಾತ್ಮ. ಕಣ್ಣು ತಾನಾಗಿ ಮೆಟ್ಟಿಲೇರಿದಂತೆ ಮೇಲೇರುತ್ತದೆ. ಹೊರಗೆ ಬಂದು ಮುಂಭಾಗದ ನೆತ್ತಿ ನೋಡಿ, ಅಲ್ಲೂ ಅದೇ ಅಕ್ಷರಗಳು.

1594ರಲ್ಲಿ ಶುರುವಾಗಿ 1605ರಲ್ಲಿ ಮುಗಿದ ಈ ಕಟ್ಟಡದ ಕೆಂಪು ಮೈ ನೋಡಿ, ಮೊದಲಿಂದ ಹೀಗೇ ಇತ್ತು ಅಂದುಕೊಂಡಿದ್ದೆ. ಅಲ್ಲ. ಸುಣ್ಣದ ಗಾರೆಯನ್ನು 1950ರ ದಶಕದಲ್ಲಿ ಕೆರೆದು ತೆಗೆದರಂತೆ. ಮುರಕಲ್ಲಿನ ಗೋಡೆಗೆ ಮಳೆ ನೇರವಾಗಿ ಬಡಿದರೆ ಏನಾಗುತ್ತದೆ ಎಂದು ಕರಾವಳಿಯವರಿಗೆ ಹೇಳಬೇಕಿಲ್ಲ. ಸವೆದ ಕಲ್ಲುಗಳನ್ನು ಕಂಡು ಸಂಕಟವಾಯಿತು. ಮುಂಬೈ ಬಳಿಯ ವಸಾಯಿಯಿಂದ ತಂದ ಕಪ್ಪುಕಲ್ಲಿನ ಕೆತ್ತನೆ ಮಾತ್ರ ಗಟ್ಟಿಯಾಗಿದೆ.

ಊಟಕ್ಕೆ ಚರ್ಚಿನ ಸುತ್ತ ಕೂರಬೇಡಿ, ಪಣಜಿಗೇ ಬನ್ನಿ. ಒಂದು ಒಳಗಲ್ಲಿಯಲ್ಲಿ ನಾಲ್ಕೇ ಮೇಜಿನ ಖಾನಾವಳಿ. ಕುಸುಬಲಕ್ಕಿ ಅನ್ನ, ರವೆ ಹಚ್ಚಿ ಗರಿಗರಿಯಾಗಿ ಹುರಿದ ಬಂಗಡೆ, ಕಾಯಿಹಾಲಿನ ಸಾರು, ಒಣ ಸಿಗಡಿಯ ಚಟ್ನಿ, ಕೊನೆಗೆ ಪುನರ್ಪುಳಿಯ ಪಾನೀಯ ಸೋಲ್‌ಕಡಿ. ಕೇಳದೆಯೇ ಮತ್ತೆ ಮತ್ತೆ ಸಾರು ಬಡಿಸಿದ ಆ ಅಮ್ಮ 150 ರೂಪಾಯಿ ಮಾತ್ರ ತೆಗೆದುಕೊಂಡರು. ಮಧ್ಯಾಹ್ನ ಒಂದು ಗಂಟೆಯೊಳಗೆ ಹೋಗಿ, ಆಮೇಲೆ ಮೀನು ಖಾಲಿ.