ಅಮ್ಮನ ಬೆಟ್ಟ

ಅಮ್ಮನ ತವರು ಸೋಮವಾರಪೇಟೆ ಕಡೆ. ಮದುವೆಯಾಗಿ ಬಂದದ್ದು ಸುಬ್ರಹ್ಮಣ್ಯದ ಹತ್ತಿರ, ನಮ್ಮ ಮನೆಗೆ. ಎರಡೂ ಕಡೆಯಿಂದ ಕಾಣುವುದು ಒಂದೇ ಬೆಟ್ಟ. ತವರಿನಲ್ಲಿ ಅದಕ್ಕೆ ಪುಷ್ಪಗಿರಿ ಅಂತಾರೆ, ಪಡುವಣಕ್ಕೆ ಕಾಣುತ್ತದೆ. ಸಂಜೆ ದೀಪ ಹಚ್ಚಿ ಆ ಕಡೆ ತಿರುಗಿ ಕೈ ಮುಗಿಯುತ್ತಿದ್ದಳಂತೆ. ಇಲ್ಲಿ ಅದೇ ಕುಮಾರ ಪರ್ವತ, ಮೂಡಣಕ್ಕೆ. ಹಾಗಾಗಿ ಕೈ ಮುಗಿಯುವುದು ಬೆಳಿಗ್ಗೆ ಎದ್ದ ಕೂಡಲೇ. “ಬೆಟ್ಟ ಅಲ್ಲೇ ಇದೆ, ನಾನೇ ಆಚೆಯಿಂದ ಈಚೆಗೆ ಬಂದೆ” ಅಂತ ನಗುತ್ತಾಳೆ.

ನನಗೆ ನಾಲ್ಕು ವರ್ಷ ಇದ್ದಾಗ ಮೈ ತುಂಬ ಹುಣ್ಣಾಗಿತ್ತಂತೆ. ಕುಕ್ಕೆಯ ಮೃತ್ತಿಕೆ ಪ್ರಸಾದ, ಅಂದರೆ ಹುತ್ತದ ಮಣ್ಣು ಹಚ್ಚಿ, “ವಾಸಿಯಾದರೆ ಮೇಲೆ ಹತ್ತಿ ಬರ್ತೀನಿ” ಅಂತ ಅಮ್ಮ ಹರಕೆ ಹೊತ್ತಳು. ಹುಣ್ಣು ವಾಸಿಯಾಯಿತು. ಹರಕೆ ಉಳಿಯಿತು. ತೋಟ, ಹಟ್ಟಿ, ಬಾಣಂತನಗಳ ನಡುವೆ ಮೂವತ್ತು ವರ್ಷ ಕಳೆದು, ಈಗ ಅವಳ ಮೊಣಕಾಲು ಮೆಟ್ಟಿಲನ್ನೂ ಹತ್ತುವುದಿಲ್ಲ. ಕಳೆದ ಷಷ್ಠಿ ಮುಗಿದ ಮೇಲೆ ಹೇಳಿಯೇಬಿಟ್ಟಳು: “ಹರಕೆ ನಿನ್ನ ಮೈಗೆ ಹೊತ್ತದ್ದು, ನೀನೇ ತೀರಿಸು. ಗುಂಪು ಕಟ್ಟಿಕೊಂಡು ಹೋಗಿ ಗಲಾಟೆ ಮಾಡಬೇಡ.”

ಹಿಂದಿನ ದಿನ ದೇವಸ್ಥಾನಕ್ಕೆ ಹೋದೆ. ಚಂಪಾ ಷಷ್ಠಿಯ ಜನ ಕರಗಿತ್ತು. ಬ್ರಹ್ಮರಥಕ್ಕೆ ಬಿದಿರು, ಬೆತ್ತ ಕಟ್ಟುವವರು ಮಲೆಕುಡಿಯರು. ತೇರು ಎಳೆಯುವುದೂ ಬೆತ್ತದಿಂದಲೇ. ಆ ಬೆತ್ತದ ಒಂದು ತುಂಡು ನಮ್ಮ ಮನೆಯ ಬಾಗಿಲ ಮೇಲೆ ಯಾವಾಗಲೂ ಇರುತ್ತದೆ. ಕುಕ್ಕೆಯಲ್ಲಿ ನಾವು ಹಿಂಬದಿಯಿಂದ ಒಳಗೆ ಹೋಗಿ, ಸುತ್ತಿ ಬಂದು ದೇವರ ಮುಂದೆ ನಿಲ್ಲುತ್ತೇವೆ. ಯಾಕೆ ಹೀಗೆ ಅಂತ ಚಿಕ್ಕಂದಿನಿಂದ ಯೋಚಿಸಿರಲಿಲ್ಲ. ಅವತ್ತು ನೋಡಿದೆ: ದೇವರ ಮುಖ ಪೂರ್ವಕ್ಕೆ. ಅಂದರೆ ಬೆಟ್ಟದ ಕಡೆಗೇ ಅಲ್ವಾ? ತಾರಕಾಸುರನನ್ನು ಕೊಂದು ಕುಮಾರಸ್ವಾಮಿ ಬಂದದ್ದು ಆ ಬೆಟ್ಟಕ್ಕೆ. ಶಕ್ತ್ಯಾಯುಧ ತೊಳೆದದ್ದು ಅಲ್ಲಿಂದ ಇಳಿಯುವ ಧಾರೆಯಲ್ಲಿ, ಅದೇ ಕುಮಾರಧಾರೆ. ಮಾರ್ಗಶಿರ ಶುದ್ಧ ಷಷ್ಠಿಯಂದು ದೇವಸೇನೆಯ ಕೈ ಹಿಡಿದದ್ದೂ ಅಲ್ಲೇ. ಅಮ್ಮನೂ, ದೇವರೂ ಬೆಳಿಗ್ಗೆ ಒಂದೇ ಕಡೆ ನೋಡುತ್ತಾರೆ ಅನ್ನಿಸಿ ಒಳಗೊಳಗೇ ಖುಷಿಯಾಯಿತು.

ಬೆಳಕು ಹರಿಯುವಾಗ ಹೊರಟೆ. ಕುಕ್ಕೆ ಕಡೆಯ ದಾರಿ ದೂರ ಜಾಸ್ತಿ, ಒಂದು ಕಡೆಗೇ 12–13 ಕಿಲೋಮೀಟರ್. ಭಟ್ಟರ ಮನೆವರೆಗೆ ದಟ್ಟ ಕಾಡು, ಬೇರುಗಳೇ ಮೆಟ್ಟಿಲು. ಆಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್, ಅನುಮತಿ ಚೀಟಿ, ಚೀಲದಲ್ಲಿ ಪ್ಲಾಸ್ಟಿಕ್ ಇದೆಯಾ ಅಂತ ಹುಡುಕಾಟ. (ಹುಡುಕಲಿ, ಒಳ್ಳೆಯದೇ.) ಅಲ್ಲಿಂದ ಮುಂದೆ ಹುಲ್ಲುಗುಡ್ಡ, ನೆರಳಿಲ್ಲ. ಕಲ್ಲುಮಂಟಪದಲ್ಲಿ ಕೂತು ಅಮ್ಮ ಕಟ್ಟಿಕೊಟ್ಟ ಅವಲಕ್ಕಿ ತಿಂದೆ. ಶೇಷ ಪರ್ವತ ಹತ್ತುವಾಗ ಕಾಲು ನಡುಗುತ್ತಿತ್ತು. ಹತ್ತಿದರೆ, ಬೆಟ್ಟ ಮತ್ತೆ ಕಾಡಿಗೆ ಇಳಿಸಿತು! ಆ ತಂಪು ಕಾಡಿನಲ್ಲಿ ಒಬ್ಬರೂ ಇರಲಿಲ್ಲ. ಹೇಳಿಕೊಂಡು ಬಂದಿದ್ದ ಸ್ತೋತ್ರ ಯಾವಾಗ ನಿಂತಿತೋ ತಿಳಿಯಲಿಲ್ಲ. ಉಸಿರು ಮಾತ್ರ ಕೇಳುತ್ತಿತ್ತು. ಕೊನೆಗೆ ನೀರು ಜಿನುಗುವ ಹಾಸುಬಂಡೆ. ಅಲ್ಲಿ ಭಕ್ತಿಗಿಂತ ಭಯವೇ ಜಾಸ್ತಿ, ನಾಲ್ಕು ಕಾಲಿನಲ್ಲಿ ಹತ್ತಿದೆ.

1712 ಮೀಟರ್ ಎತ್ತರದ ತುದಿ. ಕಲ್ಲು ಪೇರಿಸಿದ ಪುಟ್ಟ ಗುಡಿ, ಒಳಗೆ ಲಿಂಗ. ಸರತಿ ಸಾಲಿಲ್ಲ, ಸೇವಾ ಚೀಟಿ ಇಲ್ಲ. ದಕ್ಷಿಣ ಕನ್ನಡ, ಕೊಡಗು, ಹಾಸನ ಈ ಬೆಟ್ಟದ ಆಸುಪಾಸಿನಲ್ಲೇ ಕೂಡುತ್ತವೆ. 1956ಕ್ಕೆ ಮೊದಲು ಇವು ಬರೀ ಜಿಲ್ಲೆಗಳಲ್ಲ. ಈಚೆಯದು ಮದರಾಸು ರಾಜ್ಯ, ಆಚೆಯದು ಕೊಡಗು ರಾಜ್ಯ, ಬಡಗಣದ್ದು ಮೈಸೂರು. ಅದಕ್ಕೂ ಹಿಂದೆ, 1834ರವರೆಗೆ, ಸುಳ್ಯದ ಸೀಮೆಯೂ ಕೊಡಗಿನ ಅರಸರದ್ದೇ. ಗೆರೆ ಎಲ್ಲಿದೆ ಅಂತ ಸುಮ್ನೆ ಹುಡುಕಿದೆ. ಹುಲ್ಲು, ಗಾಳಿ, ಅಷ್ಟೇ. ಸೋಮವಾರಪೇಟೆ ಕಡೆ ಪೂರ್ತಿ ಮಂಜು. ಅಮ್ಮನ ತವರು ಕಾಣಲಿಲ್ಲ.

ಕೈ ಜೋಡಿಸಿದೆ. ಆಗ ಒಂದು ಪೇಚು. ಅಮ್ಮನಿಗೆ ಬೆಟ್ಟ ಒಮ್ಮೆ ಪಡುವಣ, ಒಮ್ಮೆ ಮೂಡಣ. ಬೆಟ್ಟದ ಮೇಲೇ ನಿಂತವನು ಯಾವ ಕಡೆ ತಿರುಗಬೇಕು? ಗುಡಿಯ ಮುಂದೆ ಎರಡು ನಿಮಿಷ ನಿಂತು, ಆಮೇಲೆ ಬಗ್ಗಿ ನೆಲದ ಕಲ್ಲು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ರಾತ್ರಿ ಮನೆ ಸೇರಿದಾಗ ಅಮ್ಮ ಬಿಸಿನೀರು ಕಾಯಿಸಿಟ್ಟಿದ್ದಳು. ಎಲ್ಲ ಹೇಳಿದೆ. ಕಲ್ಲು ಮುಟ್ಟಿದ್ದನ್ನು ಕೇಳಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದಳು: “ಶೂ ತೆಗೆದಿದ್ದೆ ತಾನೇ?”

ತೆಗೆದಿದ್ದೆ. ಒಳಗಿದ್ದ ಇಂಬಳ ಕಂಡದ್ದೂ ಆಗಲೇ.